ನಲವತ್ತು ಪೌಂಡಿನ ಅಂತರ
೧೯೬೦ರಲ್ಲಿ ಜಾಲಹಳ್ಳಿಯ ಕಾರ್ಖಾನೆಯೊಂದರ ಬಾಕ್ಸಿಂಗ್ ಪಂದ್ಯಗಳಿಗೆ ತೂಕ ನೋಡಿದವನು ಮುನಿಶಾಮಪ್ಪ. ಪೀಚಲು ಪಿಳ್ಳಣ್ಣನಿಗೂ ದಢೂತಿ ಬೈರಣ್ಣನಿಗೂ ನಲವತ್ತು ಪೌಂಡ್ ಅಂತರ ಕಂಡು ಅವರ ಪಂದ್ಯವನ್ನೇ ನಿಲ್ಲಿಸಿದ್ದ. ಪಿಳ್ಳಣ್ಣನ ಅವಕಾಶ ಕಿತ್ತುಕೊಂಡೆನೇನೋ ಎಂಬ ಅಳುಕು ಆರು ವರ್ಷವಾದರೂ ಹೋಗಿರಲಿಲ್ಲ.

೧೯೬೬ರ ಒಂದು ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಿಳ್ಳಣ್ಣ, ಬೈರಣ್ಣ ಇಬ್ಬರೂ ಎಂದಿನಂತೆ ಎದುರುಬದುರು ಕೂತು ಆ ಪಂದ್ಯವನ್ನು ಬಾಯಲ್ಲೇ ಆಡುತ್ತಿದ್ದರು.

"ಎರಡನೇ ರೌಂಡಲ್ಲೇ ನಿನ್ ದವಡೆಗೆ ಬಿಗಿದಿರ್ತಿದ್ದೆ ಕಣೋ!" ಎಂದ ಪಿಳ್ಳಣ್ಣ.

"ಎಟುಕ್ಬೇಕಲ್ಲ ಮಗಾ! ಸ್ಟೂಲ್ ಹತ್ಕೊಂಡ್ ಬರ್ತಿದ್ಯಾ?" ಎಂದ ಬೈರಣ್ಣ.

ಸುತ್ತಲಿದ್ದವರು ನಕ್ಕರು. ಪಕ್ಕದಲ್ಲೇ ನಿಂತಿದ್ದ ಮುನಿಶಾಮಪ್ಪ ಧೈರ್ಯ ಮಾಡಿ ಕೇಳಿಯೇಬಿಟ್ಟ: "ಪಿಳ್ಳಣ್ಣ, ನಾನ್ ನಿಲ್ಲಿಸಿದ್ದು ತಪ್ಪಾಯ್ತೇನಪ್ಪಾ?"

"ಅಯ್ಯೋ ಬಿಡಣ್ಣ, ನಡ್ದಿದ್ರೆ ಐದ್ ನಿಮಿಷಕ್ಕೆ ಮುಗ್ದೋಗ್ತಿತ್ತು. ಈಗ ದಿನಾ ನಾನೇ ಗೆಲ್ತೀನಿ."

"ಮಂಗಳವಾರ ನಾನ್ ಗೆದ್ದಿದ್ದೆ," ಎಂದು ಬೈರಣ್ಣ ನೆನಪಿಸಿದ.

ಮುನಿಶಾಮಪ್ಪ ನೆಮ್ಮದಿಯಿಂದ ಕುರ್ಚಿ ಎಳೆದುಕೊಂಡು, ಮೂರನೇ ರೌಂಡು ಕೇಳಲು ಕೂತ.