ಪಾಲಿಗೆ ಬಂದ ರೈಟ್ ಹಾಫ್

ಶಿವಗಂಗಾ ಮಿಲ್ಲಿನ ಹಾಕಿ ತಂಡ ತನ್ನ ಕೊನೆಯ ಪಂದ್ಯ ಆಡಿ ಎಷ್ಟೋ ವರ್ಷಗಳಾಗಿದ್ದವು. ಪಾಳಿಗೆ ಕರೆಯುವ ಮಿಲ್ಲಿನ ಭೋಂಗಾ ಕೂಗುವುದೂ ನಿಂತುಹೋಗಿತ್ತು. ಮೈದಾನದ ತುಂಬ ಜಾಲಿ ಬೆಳೆದು, ಅಲ್ಲೀಗ ಆಡುಗಳಷ್ಟೇ ಓಡಾಡುತ್ತಿದ್ದವು. ಆದರೂ ಸೊಲ್ಲಾಪುರದ ನವಿ ಪೇಠದಲ್ಲಿ, ಸಾತಲಿಂಗಪ್ಪನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ, ಆ ತಂಡ ಪ್ರತಿ ಭಾನುವಾರ ಬೆಳಿಗ್ಗೆ ತಪ್ಪದೆ ಮಾತಿನಲ್ಲೇ ಆಟಕ್ಕಿಳಿಯುತ್ತಿತ್ತು. ೧೯೯೬ರಲ್ಲೂ ಇಳಿಯುತ್ತಿತ್ತು. ಅಂಗಡಿಗೆ ಅಂದು ರಜೆ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಆ ಆಟ ನೋಡಿದವರಲ್ಲಿ ಉಳಿದ ನಾಲ್ಕು ಮುದುಕರು, ಎದುರಿನ ಹೋಟೆಲಿನಿಂದ ಚಹಾ.

ಮೊದಲೆಲ್ಲ ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಬಿದ್ದು, ಇಂಥ ಗೋಲು ಹೊಡೆದವನು ಯಾರು ಎಂಬ ವಾದ ಕೊರಳಪಟ್ಟಿ ಹಿಡಿಯುವ ತನಕ ಹೋಗುತ್ತಿತ್ತು. ಕಪ್ಪು, ಬಸಿಗಳು ಒಡೆದವು. ಇನ್ನು ಚಹಾ ಕಳಿಸುವುದಿಲ್ಲ ಎಂದು ಹೋಟೆಲಿನವನು ಕೈಯೆತ್ತಿದ. ಆಗ ಸಾತಲಿಂಗಪ್ಪ, ಅಣ್ಣತಮ್ಮಂದಿರಿಗೆ ಹೊಲ ಹಂಚಿದ ಹಾಗೆ ಆಟಗಾರರನ್ನು ಹಂಚಿಬಿಟ್ಟ. ಒಬ್ಬನಿಗೆ ಒಬ್ಬ ಆಟಗಾರ. ಅವನ ಬಗ್ಗೆ ಬಾಯಿ ಬಿಡುವ ಹಕ್ಕು ಆ ಒಬ್ಬನಿಗೆ ಮಾತ್ರ. ಉಳಿದವರು ತಿದ್ದುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ‘ಹೌದು’ ಅನ್ನಬಹುದು, ಮಾತು ನಿಂತರೆ ‘ಮುಂದ?’ ಅನ್ನಬಹುದು, ಅಷ್ಟೇ. ಹಂಚಿಕೊಂಡವನು ತೀರಿಹೋದರೆ ಆಟಗಾರ ಅವನ ಮನೆಯವರ ಪಾಲು. ಬೇಕಾದವನು ಸಕ್ಕರೆ, ಹಣ್ಣು ಹಿಡಿದು ಹೋಗಿ, ಕನ್ಯೆ ಕೇಳುವ ಹಾಗೆ ಕೇಳಿ ತರಬೇಕು. ತಂದ ಮೇಲೆ ತನ್ನ ಹಳೆಯ ಆಟಗಾರನನ್ನು ಬಿಟ್ಟುಕೊಡಬೇಕು. ಯಾರೂ ಕೇಳದವನ ಹೆಸರು ಕಟ್ಟೆಯ ಮೇಲೆ ಮತ್ತೆ ಬರುವುದಿಲ್ಲ. ಇನ್‌ಸೈಡ್ ಲೆಫ್ಟ್ ಮನೋಹರ ಹಾಗೆಯೇ ಹೋದ. ಅವನು ಗಿಡ್ಡನಿದ್ದನೋ ಎತ್ತರವಿದ್ದನೋ ಎಂಬುದೂ ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಹುಚ್ಚರ ಕಾಯಿದೆ ಅನ್ನಿ ಬೇಕಾದರೆ. ಅದಾದ ಮೇಲೆ ಒಂದು ಬಸಿಯೂ ಒಡೆಯಲಿಲ್ಲ.

ಹಂಚಿದ ದಿನ ಆ ನಾಲ್ವರಲ್ಲೊಬ್ಬರಾದ ರಾಘವೇಂದ್ರರಾಯರು ರೇಶನ್ ಅಂಗಡಿಯ ಮುಂದೆ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದರು. ಡಬ್ಬಿ ಹಿಡಿದು ಕಟ್ಟೆಗೆ ಬರುವಷ್ಟರಲ್ಲಿ ಒಳ್ಳೊಳ್ಳೆಯವರೆಲ್ಲ ಖರ್ಚಾಗಿದ್ದರು. ಗೋಲ್‌ಕೀಪರ್ ಕಲ್ಲಣ್ಣನನ್ನು ಸಾತಲಿಂಗಪ್ಪ ತಾನೇ ಇಟ್ಟುಕೊಂಡಿದ್ದ. ಎಡಗಡೆಯಿಂದ ಕುದುರೆಯಂತೆ ಓಡುತ್ತಿದ್ದ ಪೀಟರ್, ಮಂದ್ರೂಪ ಊರಿನ ಸೈದಪ್ಪನ ಪಾಲಾಗಿದ್ದ. ಇನ್ನು ಸೆಂಟರ್ ಫಾರ್ವರ್ಡ್ ದಸ್ತಗೀರ, ಇಡೀ ಸೊಲ್ಲಾಪುರದ ಕಣ್ಮಣಿ, ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ ಬಂಡೆಪ್ಪನಿಗೆ ಹೋಗಿದ್ದ. ರಾಯರ ಪಾಲಿಗೆ ಉಳಿದವನು ರೈಟ್ ಹಾಫ್ ಬಸಯ್ಯ. ಬಸಯ್ಯ ಒಂದೂ ಗೋಲು ಹೊಡೆದವನಲ್ಲ. ಬಿದ್ದವನಲ್ಲ, ಜಗಳ ತೆಗೆದವನಲ್ಲ, ಪೇಪರಿನಲ್ಲಿ ಅವನ ಫೋಟೊ ಬಂದದ್ದಿಲ್ಲ. ನಗರಪಾಲಿಕೆಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದ ತಮಗೆ ಇಂಥವನೇ ಗಂಟುಬೀಳಬೇಕೇ ಎಂದು ರಾಯರಿಗೆ ಅಂದಿನಿಂದಲೂ ಹೊಟ್ಟೆಯುರಿ.

ಬಂಡೆಪ್ಪ ದಸ್ತಗೀರನನ್ನು ಹೇಳುವುದೆಂದರೆ ಅದೊಂದು ಆಟವೇ. ಎದ್ದು ನಿಂತು, ಕೊಡೆಯನ್ನು ತಿರುವಿ ಹಿಡಿದು ಸ್ಟಿಕ್ ಮಾಡಿಕೊಳ್ಳುತ್ತಿದ್ದ. ಹೈದರಾಬಾದಿನ ತಂಡದ ಮೇಲಿನ ಫೈನಲ್. ಆಟ ಮುಗಿಯಲು ಬಂದಿದೆ. ಬಲಗಡೆಯಿಂದ ಚೆಂಡು ಬಂತು. ದಸ್ತಗೀರ ಅದನ್ನು ನಿಲ್ಲಿಸಲಿಲ್ಲ, ಓಡುತ್ತ ಓಡುತ್ತಲೇ ಬಾರಿಸಿದ! ಗೋಲಿನ ಜಾಳಿಗೆ ಹರಿಯಿತು! ವರ್ಷದಿಂದ ವರ್ಷಕ್ಕೆ ಆ ಜಾಳಿಗೆ ಇನ್ನಷ್ಟು ಹರಿಯುತ್ತ ಬಂದಿತ್ತು. ಪೇಟೆಗೆ ಬಂದವರು ಸೈಕಲ್ಲಿನಿಂದ ಕಾಲು ಇಳಿಬಿಟ್ಟು ಕೇಳಿ ಹೋಗುತ್ತಿದ್ದರು.

ಆಮೇಲೆ ರಾಯರ ಸರದಿ.

“ಬಸಯ್ಯ ಚೆಂಡ ತಡದ. ಕೊಟ್ಟ.”

“ಮುಂದ?” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅನ್ನುವವನು ಬಂಡೆಪ್ಪ.

“ಮುಂದೇನು? ಕೊಟ್ಟ, ಅಷ್ಟ.”

ಸೈದಪ್ಪ ಮೀಸೆಯೊಳಗೆ ನಗುತ್ತಿದ್ದ. ರಾಯರು ಚಹಾ ಊದುತ್ತ ಮುಖ ತಿರುಗಿಸುತ್ತಿದ್ದರು. ಬಸಯ್ಯನ ಬಗ್ಗೆ ಅವರಿಗೆ ಇನ್ನೊಂದು ಸಂಗತಿ ಗೊತ್ತಿರಲಿಲ್ಲವೆಂದಲ್ಲ. ಆದರೆ ಅದು ಆಟದ ಮಾತಲ್ಲ, ಹೇಳಿದರೆ ಕಟ್ಟೆ ಬಿದ್ದು ಬಿದ್ದು ನಗುತ್ತದೆ ಎಂದು ನುಂಗಿಕೊಂಡಿದ್ದರು. ನುಂಗಿಕೊಂಡದ್ದು ಒಳಗೇ ಉಳಿಯಿತು.

ಮಿಲ್ಲು ಮುಚ್ಚಿದ ಮೇಲೆ ಬಂಡೆಪ್ಪ ಹೆಂಡತಿಯ ಊರಾದ ಅಕ್ಕಲಕೋಟೆಗೆ ಹೋಗಿ ನೆಲೆಸಿದ್ದ. ಆದರೂ ಭಾನುವಾರದ ಮೊದಲ ಎಸ್‌ಟಿ ಬಸ್ಸಿಗೆ ಬಂದೇ ಬರುತ್ತಿದ್ದ. ಆ ವರ್ಷ ಬೇಸಿಗೆಯಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕೆಲವು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಹೋಗಿಬಿಟ್ಟ. ಮುಂದಿನ ಭಾನುವಾರಗಳಲ್ಲಿ ಕಟ್ಟೆಯ ಮೇಲೆ ಚಹಾ ಆರುತ್ತಿತ್ತು. ಕಲ್ಲಣ್ಣ ಚೆಂಡು ತಡೆಯುತ್ತಿದ್ದ, ಪೀಟರ್ ಓಡುತ್ತಿದ್ದ, ಗೋಲು ಹೊಡೆಯುವವರೇ ಇರಲಿಲ್ಲ.

“ಯಾರರೆ ಹೋಗಿ ದಸ್ತಗೀರನ್ನ ತರ್ರಿ,” ಎಂದ ಸಾತಲಿಂಗಪ್ಪ. “ಇಲ್ಲಾಂದ್ರ ಮನೋಹರನ ಗತಿನ ಆಗ್ತೈತಿ.”

“ನಾ ಹೋಗ್ತೀನಿ,” ಎಂದರು ರಾಯರು, ಸಾತಲಿಂಗಪ್ಪ ಮಾತು ಮುಗಿಸುವ ಮೊದಲೇ. ಸತ್ತ ಗೆಳೆಯನ ಆಟಗಾರನ ಮೇಲೆ ಇಷ್ಟು ಆಸೆಯೇ ಎಂದು ಅವರಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಆಸೆ ಹೋಗಲಿಲ್ಲ. ಎದ್ದು ನಿಂತು ಹೇಳಬೇಕು, ಸೈಕಲ್ಲಿನವರು ನಿಂತು ಕೇಳಬೇಕು. ಬಸಯ್ಯನನ್ನು ಬಿಡಬೇಕಾಗುತ್ತದೆ, ಬಿಟ್ಟರಾಯಿತು. ಅವನನ್ನು ಯಾರು ಮೂಸುತ್ತಾರೆ?

ಸೋಮವಾರ ಅರ್ಧ ಕಿಲೋ ಸಕ್ಕರೆ, ಒಂದು ಡಜನ್ ಬಾಳೆಹಣ್ಣು ಹಿಡಿದು ಅಕ್ಕಲಕೋಟೆಗೆ ಹೋದರು. ದಾರಿಯುದ್ದಕ್ಕೂ ತುಟಿಯಲ್ಲೇ ಫೈನಲ್ ಆಡಿದರು. ನಡುದಾರಿಯ ವಳಸಂಗ ದಾಟುವಷ್ಟರಲ್ಲಿ ಮೂರು ಸಲ ಜಾಳಿಗೆ ಹರಿದಿತ್ತು.

ಬಂಡೆಪ್ಪನ ಹೆಂಡತಿ ಇಂದುಬಾಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಸಕ್ಕರೆ ಪೊಟ್ಟಣ ನೋಡಿದ ಕೂಡಲೇ ಅವರಿಗೆ ತಿಳಿಯಿತು.

“ಬರ್ರಿ ರಾಯರ. ದಸ್ತಗೀರನ್ನ ಕೇಳಾಕ ಬಂದೀರಿ, ಹೌದಿಲ್ರಿ?”

“ಹೌದ್ರಿ ವೈನಿ. ಬಂಡೆಪ್ಪನಂಗ ಹೇಳಾಕ ನನಗ ಬರಾಂಗಿಲ್ಲ. ಆದ್ರ ಅಂಥಾ ಆಟಗಾರ ಮುಚ್ಚಿ ಹೋಗಬಾರದು ನೋಡ್ರಿ.”

“ಒಯ್ರಿ, ನಂದೇನ ಅಡ್ಡಿ ಇಲ್ಲ.” ಇಂದುಬಾಯಿ ಸಿಪ್ಪೆ ಕೊಡವಿ ಎದ್ದು ಚಹಾಕ್ಕಿಟ್ಟರು. ಅಲ್ಲಿಂದಲೇ ಕೇಳಿದರು, “ನಿಮ್ಮ ಬಸಯ್ಯ ಇನ್ನ ಯಾರ ಕಡಿ ಹೋಗ್ತಾನ?”

“ಯಾರ ಕಡೀನೂ ಇಲ್ರಿ. ಅವನ್ನ ಯಾರ ಕೇಳ್ತಾರ?”

“ನಾ ಕೇಳ್ತೀನಿ. ನನಗ ಕೊಡ್ರಿ.”

ರಾಯರ ಮುಖ ಸಣ್ಣದಾಯಿತು. ಬಂಡೆಪ್ಪ ಕಟ್ಟೆಯ ನಗೆಚಾಟಿಕೆಯನ್ನೆಲ್ಲ ಮನೆಯಲ್ಲೂ ಹೇಳಿದ್ದಾನೆ ಅಂದುಕೊಂಡರು. “ಚೇಷ್ಟಾ ಮಾಡಾಕತ್ತೀರೇನ್ರಿ ವೈನಿ?”

“ಚೇಷ್ಟಾ ಯಾಕ ಮಾಡ್ಲಿ?” ಇಂದುಬಾಯಿ ಹೊರಗೆ ಬಂದು ಕಪ್ಪು ಮುಂದಿಟ್ಟರು. “ಈ ಮನಿಯಾಗ ದಸ್ತಗೀರನ ಮಾತ ಬರ್ತಿರಲಿಲ್ಲ. ಅವನ್ನ ಅಲ್ಲೇ ಹೇಳಿ ಹೇಳಿ ದಣದು ಬರ್ತಿದ್ರು. ಇಲ್ಲಿ ಬರೇ ಬಸಯ್ಯಂದ ಚಿಂತಿ. ‘ಇಂದೂ, ಆ ಮೈದಾನದಾಗ ಎಲ್ಲಾ ಕಲ್ಲು, ಹಳ್ಳು. ಯಾರ ಚೆಂಡ ಕೊಟ್ರೂ ಪುಟದು ಮಣಕಾಲಿಗಿ ಬಡೀತಿತ್ತು. ಬಸಯ್ಯ ಕೊಟ್ಟ ಚೆಂಡ ಮಾತ್ರ ಜಮಖಾನಿ ಮ್ಯಾಲ ಉಳ್ಳಿದಂಗ ಬರ್ತಿತ್ತು. ಅದಕ್ಕ ದಸ್ತಗೀರ ನಿಲ್ಲಿಸಲಾರದ ಹೊಡದ. ಬಸಯ್ಯ ಅದನ್ನ ಹೆಂಗ ಮಾಡ್ತಿದ್ದ? ರಾಘುರಾಯಗ ಖಾತ್ರಿ ಗೊತ್ತೈತಿ’ ಅಂತಿದ್ರು.”

“ಮತ್ತ ನನ್ನ ಒಂದ ಮಾತ ಕೇಳಬೇಕಿತ್ತಲ್ರಿ!”

“ಹೆಂಗ ಕೇಳಬೇಕ್ರಿ? ಕೇಳಬಾರದಂತ ಕಾಯ್ದಾ ಮಾಡ್ಕೊಂಡು ಕುಂತಾವ್ರು ಯಾರು?” ಇಂದುಬಾಯಿಯ ದನಿ ಏರಿತು. “ಐತವಾರ ಹೋಗೂಮುಂದ ‘ಇವತ್ತ ಹೇಳ್ತಾನ’ ಅಂತಿದ್ರು. ಬಂದು ಚಪ್ಪಲ ಬಿಡೂಮುಂದ ‘ಇವತ್ತೂ ಹೇಳಲಿಲ್ಲ’ ಅಂತಿದ್ರು. ದವಾಖಾನ್ಯಾಗ ಮಲಗಿದಾಗ ನೀವು ಬಂದಿದ್ರಿ. ಅವತ್ತರೆ ಹೇಳ್ತೀರಂತ ನಿಮ್ಮ ಬಾಯೀನ ನೋಡಾಕತ್ತಿದ್ರು. ನೀವು ಪೆನ್ಶನ್ ಮಾತ ಆಡಿ ಹೋದ್ರಿ.”

ರಾಯರು ಕಪ್ಪನ್ನು ಕೆಳಗಿಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಬರುತ್ತಿದ್ದ ಆ ‘ಮುಂದ?’ ಅವರ ಕಿವಿಯಲ್ಲಿತ್ತು. ತಮ್ಮನ್ನು ಕೆಣಕಲು ಅನ್ನುತ್ತಾನೆಂದೇ ಅವರು ಇಷ್ಟು ವರ್ಷ ತಿಳಿದಿದ್ದರು. ಆ ಪಾಪದವನಿಗೆ ಕೇಳಲು ಇದ್ದದ್ದು ಅದೊಂದೇ ಮಾತು. ಅದನ್ನೇ ವಾರವಾರವೂ ಕೇಳಿದ್ದ.

“ಗೊತ್ತಿತ್ರಿ ವೈನಿ,” ಎಂದರು. “ನನಗ ಗೊತ್ತಿತ್ತು.”

“ಹಂಗಾರ ನನಗರೆ ಹೇಳ್ರಿ.”

ರಾಯರು ಕೂತೇ ಶುರುಮಾಡಿದರು. ಆಗ ಅವರಿಗೆ ನೌಕರಿ ಹೊಸದು, ಮನೆ ಮೈದಾನದ ಹಿಂದೆಯೇ. ನಸುಕಿನಲ್ಲಿ ಹಾಲು ತರಲು ಹೋಗುವಾಗ, ಪಂದ್ಯದ ದಿನಗಳಲ್ಲಿ, ಬಸಯ್ಯ ಒಬ್ಬನೇ ಮೈದಾನದಲ್ಲಿ ಬರಿಗಾಲಲ್ಲಿ ತಿರುಗುತ್ತಿದ್ದ. ಕಣ್ಣಿನಿಂದಲ್ಲ, ಅಂಗಾಲಿನಿಂದ ಹುಡುಕುತ್ತಿದ್ದ. ಕಾಲಿಗೆ ಹಳ್ಳು ತಾಗಿದರೆ ಬಗ್ಗಿ ಆರಿಸಿ ಟವೆಲ್ಲಿನ ಉಡಿಗೆ ಹಾಕುತ್ತಿದ್ದ. ತಗ್ಗು ಸಿಕ್ಕರೆ ಹಸಿಮಣ್ಣು ತುಂಬಿ ಹಿಮ್ಮಡಿಯಿಂದ ತುಳಿಯುತ್ತಿದ್ದ. ಬಲಗಡೆಯ ಗೆರೆಯಿಂದ ಗೋಲಿನ ಮುಂದಿನ ತನಕ ಹೊರಸಿನ ಅಗಲದ ಒಂದು ದಾರಿ. ಅರ್ಧ ಆಟವಾದ ಮೇಲೆ ಬದಿ ಬದಲಾಗುತ್ತದಲ್ಲ, ಅದಕ್ಕೆ ಆ ತುದಿಗೂ ಅಂಥದೇ ಇನ್ನೊಂದು. ಆಟದಲ್ಲಿ ಅವನು ಚೆಂಡು ತಳ್ಳುತ್ತಿದ್ದುದು ಆ ದಾರಿಯ ಮೇಲೆ ಮಾತ್ರ.

“ಒಮ್ಮೆ ನನ್ನ ನೋಡಿದ. ‘ಯಾರ ಮುಂದೂ ಅನಬ್ಯಾಡ್ರಿ ರಾಯರ, ಎದುರಿನವರೂ ಇದ ಹಾದಿ ಹಿಡೀತಾರ’ ಅಂದ. ಫೈನಲ್ ಮುಂಜಾನಿ ಜಾಲಿಮುಳ್ಳು ತುಳದಿದ್ರಿ. ಕುಂತು ಮುಳ್ಳ ತಗದ, ಮತ್ತ ಎದ್ದ. ಹಿಂಗ ನೋಡ್ರಿ, ಹಿಂಗ ಹೋಗ್ತಿದ್ದ!”

ಯಾವಾಗ ಎದ್ದು ನಿಂತರೋ ರಾಯರಿಗೇ ಗೊತ್ತಾಗಲಿಲ್ಲ. ಧೋತರ ಮೇಲೆತ್ತಿ ಕಟ್ಟಿ, ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ ಅಂಗಾಲು ಸವರುತ್ತ, ಬಗ್ಗುತ್ತ, ಇಲ್ಲದ ಹರಳುಗಳನ್ನು ಆರಿಸುತ್ತ ಗೋಡೆಯ ತನಕ ಹೋದರು. ಆ ಬೆಳಗುಗಳ ತಂಪು ಅಂಗಾಲಿಗೆ ಬಂದ ಹಾಗಾಯಿತು. ಹರೆಯ, ಹೊಸ ನೌಕರಿ, ಕೈಯಲ್ಲಿ ಹಾಲಿನ ತಂಬಿಗೆ, ದೂರದಲ್ಲಿ ಕೂಗುವ ಭೋಂಗಾ. ಎಂಥ ಮನುಷ್ಯ ತಮ್ಮ ಪಾಲಿಗೆ ಬಂದಿದ್ದ! ಊರೆಲ್ಲ ಗೋಲು ನೋಡುತ್ತಿದ್ದಾಗ ಆ ಗೋಲನ್ನು ನಸುಕಿನಲ್ಲೇ ನೆಲದ ಮೇಲೆ ಸಿದ್ಧಮಾಡಿಟ್ಟವನು. ಅವನನ್ನು ನೋಡಿದವರು ತಾವೊಬ್ಬರೇ, ಮುಚ್ಚಿಟ್ಟವರೂ ತಾವೇ.

“ಇಷ್ಟನ್ನ ಅವರಿಗೆ ಹೇಳಾಕ ನಿಮಗೇನ ಧಾಡಿ ಆಗಿತ್ರಿ?” ಎಂದರು ಇಂದುಬಾಯಿ. ಸಿಟ್ಟು ಬಂದಿತ್ತು, ಸೆರಗಿನಿಂದ ಕಣ್ಣೂ ಒರೆಸಿಕೊಂಡರು.

“ಹಳ್ಳು ಆರಿಸಾಂವ ಅಂತ ನಗ್ತಾರಂತ ಅಂಜಿದೆ.”

“ನಗ್ತಿದ್ರು. ಇವರು ಖುಷೀಲೆ ಕುಣದಾಡಿ ನಗ್ತಿದ್ರು. ‘ನನಗ ಗೊತ್ತಿತ್ತು ನೋಡು ಇಂದೂ’ ಅಂತ ಹತ್ತು ಮಂದಿಗಿ ಹೇಳ್ಕೋತ ತಿರಗತಿದ್ರು.”

ಆಮೇಲೆ ಇಂದುಬಾಯಿ ಸಕ್ಕರೆಯ ಪೊಟ್ಟಣಕ್ಕೆ ಕೈಹಾಕಿದರು. ಅದನ್ನು ಒಳಗಿಟ್ಟರೆ ಮಾತು ಮುಗಿದಂತೆ: ದಸ್ತಗೀರ ರಾಯರವನು, ಬಸಯ್ಯ ಇಂದುಬಾಯಿಯವನು.

“ತಡೀರಿ ವೈನಿ.” ರಾಯರು ಪೊಟ್ಟಣದ ಮೇಲೆ ಕೈಯಿಟ್ಟರು. “ಬಸಯ್ಯನ್ನ ಕೊಡಾಕ ಆಗಾಂಗಿಲ್ರಿ.”

“ಹಂಗಾರ ದಸ್ತಗೀರ?”

“ಅವ ನಿಮ್ಮ ಮನ್ಯಾಂವ. ನಿಮ್ಮಲ್ಲೇ ಇರ್ಲಿ. ನೀವ ಬಂದು ಹೇಳ್ರಿ.”

“ಆ ಕಟ್ಟಿ ಮ್ಯಾಲ? ಹೆಣ್ಣಮಗಳು?”

“ಕಾಯ್ದಾದಾಗ ಬ್ಯಾಡಂತ ಎಲ್ಲೂ ಇಲ್ರಿ. ಸಾತಲಿಂಗಪ್ಪಗ ನಾ ಹೇಳ್ತೀನಿ.”

ಇಂದುಬಾಯಿ ಒಳಗೆ ಹೋಗಿ, ಶೇಂಗಾ ಚಟ್ನಿಯ ಪುಡಿಕೆಯೊಂದನ್ನು ತಂದು ರಾಯರ ಚೀಲಕ್ಕೆ ಹಾಕಿದರು. “ಐತವಾರ ಮೊದಲನೆ ಗಾಡಿಗಿ ಬರ್ತೀನಿ, ಬಸ್‌ಸ್ಟ್ಯಾಂಡಿನ್ಯಾಗ ನಿಂತಿರ್ರಿ,” ಎಂದರು.

ಮಧ್ಯಾಹ್ನದ ಸೊಲ್ಲಾಪುರ ಬಸ್ಸಿನಲ್ಲಿ ಜನವೇ ಇರಲಿಲ್ಲ. ರಾಯರು ಕಿಟಕಿಯ ಪಕ್ಕ ಕೂತರು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗಿ ಕೂತ. ಹೊರಗೆ ಬಿಸಿಲಿಗೆ ಹೊಲಗಳು ಬೆಳ್ಳಗಾಗಿದ್ದವು. ರಾಯರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಪಕ್ಕದಲ್ಲಿ ಒಬ್ಬ ಕೂರುವಷ್ಟು ಜಾಗ ಮಾಡಿದರು. ಆಮೇಲೆ ಆ ಖಾಲಿ ಸೀಟಿನ ಕಡೆಗೆ ಬಾಗಿ, “ಬಂಡೆಪ್ಪಾ, ಬಸಯ್ಯ ಮುಂಜಾನಿ ನಸಕಿನ್ಯಾಗ ಬರ್ತಿದ್ದ ನೋಡು, ಬರಿಗಾಲಲೆ,” ಎಂದು ಮೊದಲಿನಿಂದ ಹೇಳತೊಡಗಿದರು.