ಕನ್ನಡಿಯಲ್ಲಿ ಎತ್ತಿದ ಕೈ

ಕೈ, ಕನ್ನಡಿಯ ಮೂಲೆಯಲ್ಲಿ ಎತ್ತಿದ ಕೈ — ಅಲ್ಲ, ಕೈಯಲ್ಲ, ಯಾರದೋ ಅಂಗಡಿಯ ಮುಂದೆ ಕಟ್ಟಿದ ಹಳದಿ ಬಟ್ಟೆ ಗಾಳಿಗೆ ಆಡುತ್ತಿದೆ ಅಷ್ಟೆ, ರಜೆಯ ದಿನವೂ ಈ ಕಣ್ಣಿಗೆ ಬಿಡುವಿಲ್ಲವಲ್ಲ, ಬಸ್ಸು ಓಡಿಸುವವನ ಕಣ್ಣು, ಸ್ವಂತ ಕಾರಿನಲ್ಲಿ ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ಚರ್ಚಿಗೆ ಹೊರಟರೂ ಮತ್ತೆ ಮತ್ತೆ ಹೊರಗನ್ನಡಿಗೇ ಹಾರುತ್ತದೆ, ಯಾರಾದರೂ ಕೈಯೆತ್ತಿ ಓಡಿ ಬರುತ್ತಿದ್ದಾರೋ ಎಂದು, ಬಂದರೂ ಈ ಮಹಾಶಯ ಮಾಡುತ್ತಿದ್ದದ್ದೇನು, ಹೊಸ ವೇಳಾಪಟ್ಟಿ ಬಂದ ಮೇಲೆ ಯಾರಿಗಾದರೂ ನಿಂತಿದ್ದಾನೆಯೇ, ಸ್ಟೀರಿಂಗ್ ಪಕ್ಕ ಕೂರಿಸಿದ ಆ ಹಾಳು ಟೈಮು ನೋಡುವ ಪೆಟ್ಟಿಗೆ, ಚೂರು ತಡವಾದರೆ ಸಾಕು, ಕೆಂಪಗಾಗುತ್ತದೆ, ಕೀಂ ಕೀಂ ಎನ್ನುತ್ತದೆ, ಬಾಗಿಲಿನ ಗುಂಡಿ ಒತ್ತು, ಹೊರಡು, ಹಿಂದೆ ಯಾವುದೋ ಕೈ ಸಣ್ಣದಾಗುತ್ತ, ಸಣ್ಣದಾಗುತ್ತ, ಬೆರಳುಗಳು ಒಂದಕ್ಕೊಂದು ಅಂಟಿ, ಕಡೆಗೆ ಒಂದು ಚುಕ್ಕೆ. ರೀ, ಸ್ವಲ್ಪ ನಿಧಾನ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ. ಹೌದು, ಅವಳು ಹೇಳುವುದು ಸರಿ, ಪೆಟ್ಟಿಗೆ ಡಿಪೋದಲ್ಲಿದೆ, ಬಸ್ಸಿನೊಳಗೆ, ಆದರೆ ಅದರ ಮರಿಯೊಂದು ತಲೆಯೊಳಗೆ ಗೂಡು ಕಟ್ಟಿರುವುದನ್ನು ಇವಳಿಗೆ ಹೇಗೆ ಹೇಳಲಿ, ಊಟಕ್ಕೆ ಕೂತರೆ ಕೀಂ, ಮಂಡಿಯೂರಿ ಪ್ರಾರ್ಥನೆಗೆ ಕೂತರೆ ಆಮೆನ್ ಅನ್ನುವ ಮೊದಲೇ ಕೀಂ, ನಿದ್ದೆಯಲ್ಲೂ ಒದೆಯುತ್ತಾನಂತೆ, ನನ್ನ ಕಾಲನ್ನೇ ಬ್ರೇಕು ಅಂದ್ಕೊಂಡಿದೀರಾ ಅಂತ ಬೆಳಿಗ್ಗೆ ಮೀನಖಂಡ ನೀವಿಕೊಂಡು ತೋರಿಸಿದ್ದಳು, ನಗುವಿನಲ್ಲೇ ಹೇಳಿದ್ದಳು ಪಾಪ, ಅವನಿಗೆ ನಗು ಬಂದಿರಲಿಲ್ಲ.

ಮುಂಚೆ ಹೀಗಿದ್ದನೇ, ಡಿಪೋದಲ್ಲಿ ಅವನ ಹೆಸರು ಯಾರಿಗೆ ಬೇಕಿತ್ತು, ರೇಡಿಯೋ ಬಂದ, ರೇಡಿಯೋ ಹೋದ ಎನ್ನುತ್ತಿದ್ದರು, ಚರ್ಚಿನ ಹಾಡನ್ನೆಲ್ಲ ಬಸ್ಸಿನಲ್ಲಿ ಹಾಡುವವನು, ಮುಂದಿನ ಸೀಟಿನ ಮುದುಕರು ತಾಳ ಹಾಕುತ್ತಿದ್ದರು, ಈಗ ಮೆಕ್ಯಾನಿಕ್ ಕೇಳುತ್ತಾನೆ ಏನ್ ಗುರು, ಬ್ಯಾಟರಿ ಖಾಲಿನಾ — ಇಂಥವನನ್ನು ಹಿಡಿದು ನಮ್ಮ ಹಿರಿಯರು, ಗಂಡಸರ ಪ್ರಾರ್ಥನಾಕೂಟ ನಡೆಸುವ ಆ ಪುಣ್ಯಾತ್ಮರು, ಹೆಗಲ ಮೇಲೆ ಕೈ ಹಾಕಿ, ಈ ಸಲ ನೀನೇ ಮಾತಾಡಬೇಕಪ್ಪ, ಎಲ್ಲರೂ ಕೆಲಸದ ಒತ್ತಡದಲ್ಲಿ ಒಣಗಿಹೋಗಿದಾರೆ, ಒಳಗಿನ ಆನಂದದ ಬಗ್ಗೆ ನಾಲ್ಕು ಮಾತು ಹೇಳು, ನಿನ್ನಷ್ಟು ಖುಷಿಯಾಗಿರೋರು ನಮ್ಮಲ್ಲಿ ಯಾರಿದಾರೆ ಹೇಳು. ಯಾರಿದ್ದಾರೆ! ಹಲ್ಲು ಕಿರಿದು ಒಪ್ಪಿಕೊಂಡನಲ್ಲ, ಅದಕ್ಕೇನೆನ್ನಬೇಕು, ಇನ್ನು ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲಬೇಕು, ಕೊರಿಯರ್ ಹಂಚುವವನು, ಆಸ್ಪತ್ರೆಯ ಕಾವಲುಗಾರ, ಮೊನ್ನೆ ಕೆಲಸ ಕಳೆದುಕೊಂಡ ಬಡಗಿ, ಎಲ್ಲರೂ ಮುಖ ನೋಡುತ್ತಾರೆ, ಇಲ್ಲದ ಆನಂದವನ್ನು ಇದೆ ಎಂದು ದೇವರ ಮನೆಯಲ್ಲಿ ನಿಂತು ಹೇಳುವುದೇ, ಆ ಬಡಗಿಯ ಮುಂದೆ, ಬೇಡಪ್ಪಾ, ಅದಕ್ಕಿಂತ ಗಂಟಲು ಕಟ್ಟಿದೆ ಎಂದರಾಯಿತು, ಕೆಮ್ಮಿ ತೋರಿಸಿದರಾಯಿತು, ಅದೂ ಸುಳ್ಳೇ, ಆದರೆ ಸಣ್ಣ ಸುಳ್ಳು, ಖೊಕ್ ಖೊಕ್, ಏನ್ರೀ ಅದು ಕೆಮ್ಮು, ಏನಿಲ್ಲ ಕಣೇ. ಇವಳು ಜೊತೆಗೆ ಬಂದಿರುವುದೇ ಅದಕ್ಕೆ, ಅರ್ಧ ದಾರೀಲಿ ಗಾಡಿ ತಿರುಗಿಸಿಬಿಡ್ತೀರ ನೀವು, ನಿಮ್ಮನ್ನ ನಾನು ಕಾಣೆನಾ.

ನೋಡು, ಮತ್ತೆ ಅವಳು ನಗುತ್ತಿದ್ದಾಳೆ, ಏಕೆ, ಯಾಕೆ ನಗ್ತೀಯ, ರೀ, ನಿಂತಿದೀರ! ಎಲ್ಲಿ, ಅಯ್ಯೋ ದೇವರೇ, ಬಸ್‌ಸ್ಟಾಪು, ಕಂಬ ಕಂಡದ್ದೇ ತಡ ಕಾಲು ತಾನಾಗಿ ಬ್ರೇಕು ತುಳಿದು, ಕಾರನ್ನು ನೀಟಾಗಿ ಅಂಚಿಗೆ ತಂದು ನಿಲ್ಲಿಸಿದೆ, ಕೈಯೋ, ಇಲ್ಲದ ಬಾಗಿಲ ಗುಂಡಿಯನ್ನು ಹುಡುಕುತ್ತಿದೆ, ಇದು ಬಸ್ಸಲ್ಲ ಮಾರಾಯ್ರೇ ಎಂದು ಅವಳು ಹೊಟ್ಟೆ ಹಿಡಿದುಕೊಂಡಿದ್ದಾಳೆ, ಹೊರಡು, ಹೊರಡು, ಯಾರಾದರೂ ನೋಡಿದರೆ ಮಾನ ಹೋಗುತ್ತದೆ, ಗೇರು, ಹೊರಟ, ಒಂದು ಅಭ್ಯಾಸದ ಕಣ್ಣು ಕನ್ನಡಿಗೆ — ಕೈ. ಈ ಸಲ ಬಟ್ಟೆಯಲ್ಲ, ದಪ್ಪನೆಯ ಹೆಂಗಸೊಬ್ಬಳು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಮೇಲೆ, ತನಗೇ ನಿಂತಿತು ಎಂದುಕೊಂಡು ಓಡಿ ಬರುತ್ತಿದ್ದಾಳೆ, ರೀ, ನಮ್ಮನ್ನೇ ಕೂಗ್ತಿರೋ ಹಾಗಿದೆ, ಕೂಗಲಿ, ಇನ್ನೀಗ ಕೈ ಸಣ್ಣದಾಗುತ್ತದೆ, ಸಣ್ಣದಾಗುತ್ತದೆ, ಈಗ ಕೀಂ ಎನ್ನುತ್ತದೆ — ಅನ್ನಲಿಲ್ಲ. ಏನೂ ಅನ್ನಲಿಲ್ಲ. ತಲೆಯೊಳಗಿನ ಮರಿಯೂ ಗಪ್‌ಚಿಪ್. ಇದು ಬಸ್ಸಲ್ಲ, ಹೌದಲ್ಲ, ಬಸ್ಸಲ್ಲ, ಇಷ್ಟು ವರ್ಷದಲ್ಲಿ ಬಸ್ಸು ಯಾವತ್ತಾದರೂ ಬಿಟ್ಟುಬಂದವರಿಗಾಗಿ ಹಿಂದಕ್ಕೆ ಹೋದದ್ದುಂಟೇ, ಆದರೆ ಇದು ಹೋಗುತ್ತದೆ, ರಸ್ತೆಯೋ ಖಾಲಿ, ರಿವರ್ಸ್ ಗೇರು ಕಟಕ್ಕೆಂದು ಬಿದ್ದಾಗ ಎದೆಯಲ್ಲೂ ಏನೋ ಕಟಕ್ಕೆಂದು ಕೂತಿತು. ರೀ, ಏನ್ಮಾಡ್ತಿದೀರ, ಹಿಂದೆ ಹೋಗ್ತಿದೀನಿ ಕಣೇ, ಹಿಂದೆ! ತಪ್ಪಿಹೋದ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕತೆ ಚಿಕ್ಕಂದಿನಿಂದ ಕೇಳಿದ್ದಾನೆ, ಯಾವಾಗಲೂ ಕುರಿಯ ಪಾಡನ್ನೇ ನೆನೆದಿದ್ದ, ಅಯ್ಯೋ ಪಾಪ ಕುರಿ ಎಂದು, ಕುರುಬನಿಗೆ ಹೇಗಾಗಿದ್ದೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ, ಕುರುಬನಿಗೆ ಖುಷಿಯಾಗಿತ್ತು, ಹೆಗಲ ಮೇಲೆ ಹೊತ್ತು ಬರುವಾಗ ಅವನು ಹಾಡಿಕೊಂಡೇ ಬಂದಿರುತ್ತಾನೆ, ಖಂಡಿತ, ದೇವರು ಯಾವ ಪೆಟ್ಟಿಗೆಯನ್ನೂ ನೋಡುತ್ತ ಕೂರಲಿಲ್ಲ, ನನಗಾಗಿಯೂ ಹೀಗೇ ಹಿಂದಕ್ಕೆ ಬಂದ, ಇಷ್ಟು ದಿನ ಗಾಜಿನ ಹೊರಗೆ ಕೈಯೆತ್ತಿ ಓಡುತ್ತಿದ್ದವನು ನಾನೇ ಅಲ್ಲವೇ, ಅದು ಗೊತ್ತಾದ ಮೇಲೆ ನಗು ಹೇಗೆ ತಡೆಯುವುದು, ತಡೆಯಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾಳೆ ಬೆಳಿಗ್ಗೆ ಪೆಟ್ಟಿಗೆ ಮತ್ತೆ ಕೂಗುತ್ತದೆ, ಕೂಗಲಿ, ಅದರ ಕೆಲಸ ಅದಕ್ಕೆ, ಕೆಂಪಗಾಗುವುದು ಅದು, ನಾನಲ್ಲ, ಡಿಪೋದ ಮೇಲಿನವರು ಕರೆಸಿ ಕೇಳಿದರೆ ನಿಂತೆ ಸ್ವಾಮಿ ಎಂದರಾಯಿತು, ಬಡಗಿಗೂ ಇದನ್ನೇ ಹೇಳುತ್ತೇನೆ, ಬತ್ತಿಹೋಗಿದ್ದೆ ಅಣ್ಣ, ಇವತ್ತು ಬೆಳಿಗ್ಗೆಯವರೆಗೂ ಬತ್ತಿಹೋಗಿದ್ದೆ ಎಂದೇ ಶುರುಮಾಡುತ್ತೇನೆ — ರೀ, ಹಾಡ್ತಿದೀರ ನೀವು, ಹೌದೇ, ಹೌದು, ಕಟ್ಟಿದ ಗಂಟಲಿನಿಂದ ಹಾಡು ಯಾವಾಗ ಹೊರಟಿತೋ, ಹೆಂಡತಿ ಹಿಂದಿನ ಸೀಟಿನ ಬಾಗಿಲು ತೆಗೆಯಲು ಆಗಲೇ ತಿರುಗಿದ್ದಾಳೆ, ಕಾರು ಹಿಂದಕ್ಕೆ, ಮೆಲ್ಲಗೆ, ಇನ್ನೂ ಹಿಂದಕ್ಕೆ, ಕನ್ನಡಿಯಲ್ಲಿ ಆ ಕೈ, ಮೊದಲ ಸಲ, ದೊಡ್ಡದಾಗುತ್ತ, ಬೆರಳು ಬೆರಳೂ ಬಿಡಿಸಿಕೊಂಡು, ಅಂಗೈಯ ಗೆರೆ ಕಾಣುವಷ್ಟು ದೊಡ್ಡದಾಗಿ, ಕನ್ನಡಿ ತುಂಬ, ಕೈ.