ನೋವಿಗೆ ಮುಂಚೆ ಕೂತವಳು

ಗಲ್ಲಾದ ಪಕ್ಕ, ಮಕ್ಕಳ ಬೂಟಿನ ಕಪಾಟಿಗೆ ಆತುಕೊಂಡಿರುತ್ತಿದ್ದ ಸ್ಟೂಲು ಅಲ್ಲಿರಲಿಲ್ಲ. ನೆಲದ ಮೇಲೆ ಅದರ ಕಾಲಿನ ಗುರುತುಗಳು ಮಾತ್ರ ಉಳಿದಿದ್ದವು.

"ಸ್ಟೂಲೆಲ್ಲಿ ಸಾರ್?" ಬೆಳಿಗ್ಗೆ ಕೆಲಸಕ್ಕೆ ಬಂದ ಅಕ್ಕ ಕೇಳಿದಳು.

"ಗೋಡೌನಿಗೆ ಹಾಕ್ಸಿದೀನಿ," ಎಂದ ಮಾಲೀಕ, ತಲೆಯೆತ್ತದೆ. "ಯಾವಾಗ ನೋಡಿದ್ರೂ ಕೂತಿರ್ತೀರಿ. ನೋವಾ ಅಂತ ಕೇಳಿದ್ರೆ, ಈಗಿಲ್ಲ ಸಾರ್ ಅಂತ ನಗ್ತೀರಿ. ನೋವಿಲ್ದೋರಿಗೆ ಸ್ಟೂಲ್ಯಾಕಮ್ಮ?"

"ಕೂತಿದ್ದಕ್ಕೇ ಸಾರ್ ನೋವಿಲ್ದಿದ್ದು."

"ಹಾಗಾದ್ರೆ ನಾನೂ ಈಗ್ಲೇ ಹಾಸಿಗೆ ಹಿಡೀತೀನಿ, ಮುಂದೆ ಯಾವತ್ತಾದ್ರೂ ಜ್ವರ ಬಂದೀತು ಅಂತ."

ನಗಬೇಕಾದ ಕೆಲಸಗಾರರೆಲ್ಲ ನಕ್ಕರು. ಅಂಗಡಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಮಾಲೀಕನಿಗೆ ಮಾತ್ರ ಅಮ್ಮ, ಅದೂ ಬೈಯುವಾಗ.

ಸೊಂಟದ ನೋವು ಅಕ್ಕನ ಜೊತೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಮೊದಲು ಡಾಕ್ಟರು ಜೋರು ಮಾತ್ರೆ ಕೊಟ್ಟಿದ್ದರು. ಅದು ನೋವಿನ ಜೊತೆಗೆ ಅವಳನ್ನೂ ಮಲಗಿಸಿತು. ತಲೆಯೊಳಗೆ ಹತ್ತಿ ತುರುಕಿದಂತಿದ್ದ ಆ ದಿನಗಳಲ್ಲೇ ಒಬ್ಬ ಮದುಮಗನಿಗೆ ಎರಡೂ ಎಡಗಾಲಿನ ಬೂಟು ಕಟ್ಟಿಕೊಟ್ಟಳು. ಆತನ ಕಡೆಯವರು ಅಂಗಡಿಗೆ ಬಂದು ಆಡಿದ ಮಾತು ಕೇಳಿದ ಮೇಲೆ ಮಾತ್ರೆ ಬಿಟ್ಟು, ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಹೋದಳು. "ನೋವು ಬಂದ್ಮೇಲೆ ಕೂರೋದಲ್ಲ ಆಂಟಿ, ಬರೋಕ್ಮುಂಚೆ ಕೂತ್ಬಿಡಿ," ಎಂದಿದ್ದಳು ಹುಡುಗಿ. ತುಸು ನಿಲ್ಲುವುದು, ತುಸು ನಡೆಯುವುದು, ತುಸು ಕೂರುವುದು, ಉಸಿರನ್ನು ನಿಧಾನವಾಗಿ ಬಿಡುವುದು. ಹೀಗೆ ನೋವನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮನೆಯಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಅತ್ತೆಯ ಮಂಡಿನೋವು. ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ. ಕುರ್ಚಿಯಿಂದ ಏಳುವಾಗ ಮೊದಲು ಒಂದು ಸಣ್ಣ "ಹಾ", ಆಮೇಲೆ ಮಂಡಿಯ ಮೇಲೆ ಕೈ, ನಡುವೆ ಉಸಿರು ಹಿಡಿದ ಮೌನ, ಕೊನೆಗೆ ಬೀದಿಗೆ ಕೇಳುವಂಥ "ಅಯ್ಯಯ್ಯಮ್ಮಾ!" ಅಕ್ಕನ ಗಂಡ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ತಾಯಿಯ ಬಳಿಗೆ ಓಡುತ್ತಿದ್ದ. ಹೆಂಡತಿಗೆ, "ನಿಂಗೇನ್ಬಿಡು, ಗಟ್ಟಿಗಿತ್ತಿ," ಎನ್ನುತ್ತಿದ್ದ. ಮುದುಕಿಯದು ಶುದ್ಧ ನಾಟಕ ಎಂದು ಗಟ್ಟಿಗಿತ್ತಿ ಎಂದೋ ಮನಸ್ಸಿನಲ್ಲೇ ತೀರ್ಪು ಕೊಟ್ಟು ಮುಗಿಸಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸೊಂಟದಿಂದ ತೊಡೆಯ ಹಿಂದಕ್ಕೆ ಕಾದ ಕಂಬಿ ಎಳೆದಂತಾಯಿತು. ಗಿರಾಕಿಯ ಕಾಲಿಗೆ ಬೂಟು ತೊಡಿಸಲು ಬಗ್ಗಿದವಳಿಗೆ ಏಳುವುದು ಹೇಗೆಂದೇ ತಿಳಿಯಲಿಲ್ಲ. ಆದರೂ ಅಭ್ಯಾಸಬಲ, ತುಟಿ ಬಿಗಿದು, ಉಸಿರು ಬಿಟ್ಟು, ನಗುತ್ತಲೇ ಎದ್ದಳು. ಮಾಲೀಕ ನೋಡಿ ತೃಪ್ತಿಯಿಂದ ತಲೆಯಾಡಿಸಿದ. ಸ್ಟೂಲಿಲ್ಲದೆ ಎಷ್ಟು ಚುರುಕಾಗಿದ್ದಾಳೆ!

ಬೂಟಿನ ಡಬ್ಬಿ ತರುವ ನೆಪದಲ್ಲಿ ಗೋಡೌನಿಗೆ ಹೋಗಿ, ಅಲ್ಲಿಟ್ಟಿದ್ದ ತನ್ನ ಚೀಲದ ತಳದಿಂದ ಹಳೆಯ ಮಾತ್ರೆಯ ಹಾಳೆ ತೆಗೆದಳು. ಎದುರಿಗೇ ಸ್ಟೂಲು, ಯಾರೂ ಕೊಳ್ಳದ ಬೂಟುಗಳ ಡಬ್ಬಿಗಳನ್ನು ಹೊತ್ತು ನಿಂತಿತ್ತು. ಒಂದು ಮಾತ್ರೆ ಅಂಗೈಗೆ ಬಿತ್ತು. ನುಂಗಿದರೆ ಸಂಜೆಯವರೆಗೆ ನಿಲ್ಲಬಹುದು. ನಾಳೆಗೆ ಇನ್ನೊಂದು. ನಾಡಿದ್ದಿಗೆ ಮತ್ತೆ ಎರಡೂ ಎಡಗಾಲು.

ಮಾತ್ರೆಯನ್ನು ಚೀಲದೊಳಕ್ಕೆ ಎಸೆದು ಹೊರಬಂದಳು.

ಅಂಗಡಿ ತುಂಬಿತ್ತು. ಎಲ್ಲರಿಗೂ ಕಾಣುವಂತೆ ನಟ್ಟನಡುವೆ ಬಗ್ಗಿ ಒಬ್ಬ ಹೆಂಗಸಿನ ಚಪ್ಪಲಿಯ ಪಟ್ಟಿ ಬಿಗಿದಳು. ಏಳುವಾಗ ಮೊದಲು ಸಣ್ಣ "ಹಾ". ಸೊಂಟದ ಮೇಲೆ ಕೈ. ಜನ ತಿರುಗಲು ಬೇಕಾದಷ್ಟು ಮೌನ. ಆಮೇಲೆ, "ಅಯ್ಯಯ್ಯಮ್ಮಾ!"

"ಅಯ್ಯೋ ಪಾಪ!" ಚಪ್ಪಲಿಯ ಹೆಂಗಸು ಗಲ್ಲಾದ ಕಡೆ ತಿರುಗಿದಳು. "ಏನ್ರೀ, ಇವ್ರಿಗೆ ಕೂರೋಕೊಂದು ಸ್ಟೂಲಾದ್ರೂ ಹಾಕ್ಬಾರ್ದಾ?"

ಮಾಲೀಕ ತಾನೇ ಓಡಿಹೋಗಿ ಸ್ಟೂಲು ತಂದ. ಕರವಸ್ತ್ರದಿಂದ ಒರೆಸಿ ಇಟ್ಟ.

"ಇಷ್ಟು ನೋವಿದ್ರೆ ಬಾಯ್ಬಿಟ್ಟು ಹೇಳ್ಬಾರ್ದೇನಮ್ಮ? ನಾನೇನು ಮನುಷ್ಯ ಅಲ್ವಾ?"

"ಹೇಳಿದ್ದೆ ಸಾರ್. ನಗ್ತಾ ಹೇಳ್ಬಿಟ್ಟಿದ್ದೆ."

"ದಿನಾ ಹೀಗೇನಾ?"

"ದಿನಾ ಸಾರ್. ಬೇಕಾದ್ರೆ ನಾಳೇನೂ ಕೇಳಿಸ್ಕೊಳ್ಳಿ."

ಸಂಜೆ ಮನೆಯ ಬಾಗಿಲು ಓರೆಯಾಗಿತ್ತು. ಅಕ್ಕ ಹೊಸ್ತಿಲಲ್ಲೇ ನಿಂತಳು. ಗಂಡ ಇನ್ನೂ ಬಂದಿರಲಿಲ್ಲ. ಒಳಗೆ ಅತ್ತೆ ಒಬ್ಬರೇ, ಕಿಟಕಿ ಪಕ್ಕದ ಕುರ್ಚಿಯಿಂದ ಏಳುತ್ತಿದ್ದರು. ಕುರ್ಚಿಯ ಕೈ ಹಿಡಿದ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಅರ್ಧ ಎದ್ದು ಹಾಗೇ ನಿಂತರು. ತುಟಿ ಬಿಗಿದು, ಮೂಗಿನಿಂದ ಉಸಿರನ್ನು ನಿಧಾನವಾಗಿ ಬಿಟ್ಟರು. ಸದ್ದೇ ಇಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಗ ಬಾಗಿಲಲ್ಲಿ ಸೊಸೆ ಕಂಡಳು.

ಅತ್ತೆ ಮತ್ತೆ ಕುರ್ಚಿಗೆ ಕುಸಿದು, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಮೊದಲಿನಿಂದ ಶುರುಮಾಡಿದರು.

"ಹಾ..."